ಎಷ್ಟು ಗೆದ್ದೆವು? ಯಾರ ಮೇಲೆ ಗೆದ್ದೆವು?



ಎರಡು ತಂಡಗಳಿವೆ ಎಂದುಕೊಳ್ಳಿ. ಎರಡೂ 12 ಪಂದ್ಯ ಆಡಿ 10ರಲ್ಲಿ ಗೆದ್ದಿವೆ. ಮುಂದಿನ ಸುತ್ತಿನಲ್ಲಿ ಒಂದಕ್ಕೆ ಮಾತ್ರ ಜಾಗವಿದೆ. ಯಾವುದನ್ನು ಆರಿಸುತ್ತೀರಿ? "ಎರಡೂ ಸಮ, ಚೀಟಿ ಎತ್ತಿಬಿಡಿ" ಎಂದು ಒಬ್ಬರು ಹೇಳಬಹುದು. ಇನ್ನೊಬ್ಬರು ಒಂದು ಪ್ರಶ್ನೆ ಕೇಳಬಹುದು: "ಆ ಹತ್ತು ಗೆಲುವು ಯಾರ ಮೇಲೆ ಬಂದವು?"

ಈ ಎರಡನೆಯ ಪ್ರಶ್ನೆಯೇ ನಮ್ಮ ಇಂದಿನ ಪಾಠ. "ಹಾಳೂರಿಗೆ ಉಳಿದವನೇ ಗೌಡ" ಎಂಬ ಗಾದೆ ನಮ್ಮಲ್ಲಿದೆ. ಎದುರಾಳಿಯೇ ಇಲ್ಲದ ಕಡೆ ಗೆಲ್ಲುವುದು ದೊಡ್ಡ ಮಾತಲ್ಲ. ಹಾಗೆಯೇ ಬಲವಾದ ತಂಡದ ಎದುರು ಒಂದೇ ಅಂಕದಿಂದ ಸೋತವರನ್ನು ದುರ್ಬಲರೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಒಂದು ತಂಡದ ಪಾಲಿಗೆ ಬಂದ ಎದುರಾಳಿಗಳು ಒಟ್ಟಾಗಿ ಎಷ್ಟು ಬಲಿಷ್ಠರು ಎಂಬುದನ್ನು ನಾವು ಇಲ್ಲಿ "ಪಂದ್ಯಪಟ್ಟಿಯ ಭಾರ" ಎಂದು ಕರೆಯೋಣ. ಈ ಭಾರವನ್ನು ಅಳೆಯುವುದು ಹೇಗೆ? ಅದು ಚಾಂಪಿಯನ್ ಆಗುವ ಆಸೆಯನ್ನು ಎಷ್ಟು ಏರಿಸುತ್ತದೆ, ಎಷ್ಟು ಇಳಿಸುತ್ತದೆ? ಪಿಯುಸಿ ಗಣಿತದಲ್ಲಿ ಕಲಿಯುವ ಸರಾಸರಿ ಮತ್ತು ಸಂಭವನೀಯತೆ ಇಷ್ಟೇ ಸಾಕು, ಉತ್ತರ ಸಿಗುತ್ತದೆ.

1. ಪಂದ್ಯಪಟ್ಟಿಯ ಬಗೆಗಳು

ಮೊದಲು ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ನೋಡೋಣ.

ಲೀಗ್ ಪದ್ಧತಿ: ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ಜೊತೆ ಆಡುತ್ತದೆ. ತಂಡಗಳ ಸಂಖ್ಯೆ n ಆದರೆ ಒಟ್ಟು ಪಂದ್ಯಗಳು n(n−1)/2. 11 ತಂಡಗಳಿದ್ದರೆ 55 ಪಂದ್ಯ. ತವರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡಿದರೆ ಅದರ ಎರಡರಷ್ಟು, ಅಂದರೆ 110.

2014-15ರ ಐ-ಲೀಗ್ ಫುಟ್‌ಬಾಲ್ ಹೀಗೆಯೇ ನಡೆಯಿತು. 11 ತಂಡಗಳು, ಪ್ರತಿ ತಂಡಕ್ಕೆ 20 ಪಂದ್ಯ. 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ. ಬೆಂಗಳೂರು ಎಫ್‌ಸಿ ಗೆದ್ದಿದ್ದರೆ ಪ್ರಶಸ್ತಿ ಅದರದೇ ಆಗುತ್ತಿತ್ತು. ಆದರೆ ಕೊನೆಯ ನಿಮಿಷಗಳಲ್ಲಿ ಮೋಹನ್ ಬಾಗಾನ್ ಗೋಲು ಹೊಡೆದು ಪಂದ್ಯವನ್ನು 1-1ಕ್ಕೆ ತಂದಿತು. ಮೋಹನ್ ಬಾಗಾನ್ 39 ಅಂಕದೊಂದಿಗೆ ಚಾಂಪಿಯನ್, ಬೆಂಗಳೂರು 37 ಅಂಕದೊಂದಿಗೆ ಎರಡನೆಯದು. ಬೆಂಗಳೂರಿನ ಅಭಿಮಾನಿಗಳಿಗೆ ದುಃಖವಾಯಿತು. ಆದರೆ "ನಮಗೆ ಕಷ್ಟದ ಪಟ್ಟಿ ಸಿಕ್ಕಿತು" ಎಂದು ಹೇಳುವಂತಿರಲಿಲ್ಲ, ಎಲ್ಲರಿಗೂ ಅದೇ ಪಟ್ಟಿ. ಪೂರ್ಣ ಲೀಗ್‌ನ ದೊಡ್ಡ ಗುಣವೇ ಇದು.

ನಾಕೌಟ್ ಪದ್ಧತಿ: ಸೋತವರು ಹೊರಗೆ. n ತಂಡಗಳಿದ್ದರೆ n−1 ಪಂದ್ಯ ಸಾಕು, ಏಕೆಂದರೆ ಪ್ರತಿ ಪಂದ್ಯ ಒಂದು ತಂಡವನ್ನು ಹೊರಗೆ ಕಳಿಸುತ್ತದೆ, ಕೊನೆಗೆ ಒಂದೇ ಉಳಿಯಬೇಕು. 11 ತಂಡಗಳಿಗೆ 10 ಪಂದ್ಯ. 11 ಎಂಬುದು 2, 4, 8, 16ರ ಸಾಲಿನಲ್ಲಿ ಬರುವುದಿಲ್ಲ. ಹಾಗಾಗಿ ಮುಂದಿನ ಸಂಖ್ಯೆಯಾದ 16ರಿಂದ 11 ಕಳೆದು 5 ತಂಡಗಳಿಗೆ ಬೈ ಕೊಡಬೇಕು. ಬೈ ಸಿಕ್ಕ ತಂಡ ಮೊದಲ ಸುತ್ತನ್ನು ಆಡದೆಯೇ ದಾಟುತ್ತದೆ.

55 ಪಂದ್ಯ ಎಲ್ಲಿ, 10 ಪಂದ್ಯ ಎಲ್ಲಿ! ಇರುವುದು ಒಂದೇ ಮೈದಾನ, ಸಿಗುವುದು ಒಂದೆರಡು ದಿನ. ಆದ್ದರಿಂದಲೇ ಕಾಲೇಜು ಕ್ರೀಡಾಕೂಟಗಳಲ್ಲಿ ನಾಕೌಟ್ ಹೆಚ್ಚು. ಆದರೆ ಇಲ್ಲಿ ಪಟ್ಟಿ ಎಲ್ಲರಿಗೂ ಸಮವಲ್ಲ. ಒಬ್ಬರಿಗೆ ಬೈ, ಇನ್ನೊಬ್ಬರಿಗೆ ಮೊದಲ ಪಂದ್ಯದಲ್ಲೇ ಕಳೆದ ವರ್ಷದ ಚಾಂಪಿಯನ್.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ತಂಡಗಳು ಹೆಚ್ಚು, ದಿನಗಳು ಕಡಿಮೆ, ಆದರೂ ಎಲ್ಲರಿಗೂ ಹಲವು ಪಂದ್ಯ ಸಿಗಬೇಕು. ಆಗ ಪ್ರತಿ ತಂಡವೂ ಕೆಲವರ ಜೊತೆ ಮಾತ್ರ ಆಡುತ್ತದೆ. ಪಂದ್ಯಪಟ್ಟಿಯ ಭಾರದ ಜಗಳ ಜೋರಾಗುವುದು ಇಲ್ಲಿಯೇ.

2. ಯಾವ ಕೂಟಕ್ಕೂ ಸೇರದ ಒಂದು ಕಾಲೇಜು ತಂಡ

ಈ ಜಗಳದ ಪ್ರಸಿದ್ಧ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ವಿಶ್ವವಿದ್ಯಾಲಯಗಳ ತಂಡಗಳ ಪಂದ್ಯ ನೋಡಲು ಲಕ್ಷದವರೆಗೂ ಜನ ಸೇರುವುದುಂಟು. ಇಂತಹ ದೊಡ್ಡ ಮಟ್ಟದ ತಂಡಗಳೇ ನೂರಕ್ಕೂ ಹೆಚ್ಚು ಇವೆ, ಒಂದು ತಂಡ ಒಂದು ಋತುವಿನಲ್ಲಿ ಆಡುವುದು ಸಾಮಾನ್ಯವಾಗಿ 12 ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವ ಪ್ರಶ್ನೆಯೇ ಇಲ್ಲ.

ಬಹುತೇಕ ತಂಡಗಳು "ಕಾನ್ಫರೆನ್ಸ್" ಎಂಬ ಕೂಟಗಳಿಗೆ ಸೇರಿವೆ. ಹೆಚ್ಚಿನ ಪಂದ್ಯಗಳು ಕೂಟದ ಒಳಗೇ ನಡೆಯುತ್ತವೆ, ಕೊನೆಗೆ ಕೂಟದ ಚಾಂಪಿಯನ್ ಯಾರೆಂದು ತೀರ್ಮಾನವಾಗುತ್ತದೆ. ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ ಈ ಆಟದಲ್ಲಿ ಯಾವ ಕೂಟಕ್ಕೂ ಸೇರಿಲ್ಲ. ಅದು ಸ್ವತಂತ್ರ ತಂಡ. ತನ್ನ ಎದುರಾಳಿಗಳನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಈ ಒಪ್ಪಂದಗಳು ಎಷ್ಟೋ ವರ್ಷ ಮೊದಲೇ ಆಗಿರುತ್ತವೆ. ಇಂದು ಬಲಿಷ್ಠ ಎಂದು ಆರಿಸಿಕೊಂಡ ಎದುರಾಳಿ ಆಡುವ ಹೊತ್ತಿಗೆ ದುರ್ಬಲವಾಗಿರಬಹುದು. ದುರ್ಬಲ ಎಂದುಕೊಂಡವರು ಹುಲಿಗಳಾಗಿರಬಹುದು.

2024ರಿಂದ ಅಲ್ಲಿನ ರಾಷ್ಟ್ರೀಯ ಪ್ರಶಸ್ತಿಗೆ 12 ತಂಡಗಳು ಸೆಣಸುತ್ತವೆ. ಮೊದಲ ಎರಡು ವರ್ಷಗಳ ನಿಯಮದಂತೆ 5 ಜಾಗ ಕೂಟಗಳ ಚಾಂಪಿಯನ್‌ಗಳಿಗೆ ಮೀಸಲು. ಉಳಿದ 7 ಜಾಗಕ್ಕೆ ಒಂದು ಆಯ್ಕೆ ಸಮಿತಿ ತಂಡಗಳನ್ನು ಆರಿಸುತ್ತಿತ್ತು. ಸ್ವತಂತ್ರ ತಂಡಕ್ಕೆ ಆ 5 ಜಾಗದ ಬಾಗಿಲು ಮುಚ್ಚಿತ್ತು. ಅದು 7ರಲ್ಲಿ ಒಂದನ್ನು ಪಡೆಯಬೇಕಿತ್ತು. ಸಮಿತಿಯ ಮುಂದೆ ಅದು ಇಡಬಹುದಾದ ಸಾಕ್ಷಿ ಒಂದೇ: ನಾವು ಯಾರ ಜೊತೆ ಆಡಿದೆವು, ಏನಾಯಿತು.

ಎರಡು ವರ್ಷಗಳ ಕಥೆ ನೋಡಿ.

2024ರಲ್ಲಿ ನೋಟರ್ ಡೇಮ್ ತನ್ನ ಎರಡನೆಯ ಪಂದ್ಯದಲ್ಲೇ ತವರಿನಲ್ಲಿ ನಾರ್ದರ್ನ್ ಇಲಿನಾಯ್ ಎಂಬ, ಯಾರೂ ಲೆಕ್ಕಕ್ಕಿಡದ ತಂಡಕ್ಕೆ 16-14ರಿಂದ ಸೋತಿತು. ಆಸೆ ಮುಗಿಯಿತು ಎಂದರು. ಆದರೆ ಉಳಿದ ಪಂದ್ಯಗಳನ್ನೆಲ್ಲ ಗೆದ್ದು 11-1 ಆಯಿತು, ಸಮಿತಿ ಜಾಗ ಕೊಟ್ಟಿತು. ಅಲ್ಲಿ ಇಂಡಿಯಾನಾ, ಜಾರ್ಜಿಯಾ, ಪೆನ್ ಸ್ಟೇಟ್ ತಂಡಗಳನ್ನು ಮಣಿಸಿ ಫೈನಲ್ ತಲುಪಿತು. 2025ರ ಜನವರಿ 20ರಂದು ಓಹಾಯೊ ಸ್ಟೇಟ್ ಎದುರು 34-23ರಿಂದ ಸೋತು ಎರಡನೆಯ ಸ್ಥಾನ ಪಡೆಯಿತು.

2025ರಲ್ಲಿ ಪಟ್ಟಿಯ ಆರಂಭವೇ ಭಾರ. ಮೊದಲ ಪಂದ್ಯದಲ್ಲಿ ಮಯಾಮಿ ಎದುರು 27-24ರ ಸೋಲು, ಎರಡನೆಯದರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಎದುರು 41-40ರ ಸೋಲು. ಎರಡೂ ಬಲಿಷ್ಠ ತಂಡಗಳು. ಎರಡೂ ಸೋಲು ಸೇರಿ ಅಂತರ ಕೇವಲ 4 ಅಂಕ. ಆಮೇಲೆ ಸತತ 10 ಗೆಲುವು. ಲೆಕ್ಕ 10-2. ಮಯಾಮಿಯದೂ 10-2. ಸಮಿತಿ ಮಯಾಮಿಗೆ ಜಾಗ ಕೊಟ್ಟು ನೋಟರ್ ಡೇಮನ್ನು ಹೊರಗಿಟ್ಟಿತು. ಇಬ್ಬರೂ ನೇರವಾಗಿ ಆಡಿದಾಗ ಗೆದ್ದದ್ದು ಮಯಾಮಿ.

ಇಲ್ಲಿ ಗಮನಿಸಬೇಕಾದ್ದು ಎರಡು ವಿಷಯ. ಮೊದಲನೆಯದು: ಹಗುರ ಪಂದ್ಯ ಎಂದರೆ ಗೆದ್ದ ಪಂದ್ಯ ಎಂದಲ್ಲ. 2024ರ ಸೋಲು ಬಂದದ್ದು ಅಂಥ ಪಂದ್ಯದಲ್ಲಿಯೇ. ಎರಡನೆಯದು: ಭಾರದ ಪಟ್ಟಿ ಹೊತ್ತವರಿಗೆ ಗೌರವ ಸಿಗಬಹುದು, ಜಾಗ ಸಿಗುತ್ತದೆಂಬ ಭರವಸೆ ಇಲ್ಲ. ಕಷ್ಟದ ಎದುರಾಳಿಯೊಡನೆ ಆಡಿದ್ದಕ್ಕೆ ಅಂಕವಿಲ್ಲ, ಅವರಲ್ಲಿ ಕೆಲವರನ್ನಾದರೂ ಗೆದ್ದರೆ ಅದಕ್ಕೆ ಬೆಲೆ.

3. ಲೆಕ್ಕ ಏನು ಹೇಳುತ್ತದೆ?

ಈಗ ಗಣಿತಕ್ಕೆ ಬರೋಣ. ಉದಾಹರಣೆಗಾಗಿ ಸಂಖ್ಯೆಗಳನ್ನು ನಾವೇ ಇಟ್ಟುಕೊಳ್ಳೋಣ. ಒಂದು ಒಳ್ಳೆಯ ತಂಡವಿದೆ. ಸಾಧಾರಣ ಎದುರಾಳಿಯನ್ನು ಅದು ಗೆಲ್ಲುವ ಸಂಭವನೀಯತೆ 0.9. ಬಲಿಷ್ಠ ಎದುರಾಳಿಯನ್ನು ಗೆಲ್ಲುವ ಸಂಭವನೀಯತೆ 0.5. ಒಂದು ಪಂದ್ಯದ ಫಲಿತಾಂಶ ಇನ್ನೊಂದರ ಮೇಲೆ ಪರಿಣಾಮ ಬೀರುವುದಿಲ್ಲ ಎಂದುಕೊಂಡರೆ, ಎಲ್ಲ ಪಂದ್ಯ ಗೆಲ್ಲುವ ಸಂಭವನೀಯತೆ ಎಂದರೆ ಇವುಗಳ ಗುಣಲಬ್ಧ. ನಿರೀಕ್ಷಿತ ಗೆಲುವುಗಳ ಸಂಖ್ಯೆ ಎಂದರೆ ಇವುಗಳ ಮೊತ್ತ.

ಪಟ್ಟಿ ಅ: 12 ಎದುರಾಳಿಗಳೂ ಸಾಧಾರಣ.
ನಿರೀಕ್ಷಿತ ಗೆಲುವು: 12 × 0.9 = 10.8
ಎಲ್ಲ ಗೆಲ್ಲುವ ಸಂಭವನೀಯತೆ: 0.9ರ 12ನೇ ಘಾತ = ಸುಮಾರು 0.28

ಪಟ್ಟಿ ಆ: 10 ಸಾಧಾರಣ, 2 ಬಲಿಷ್ಠ.
ನಿರೀಕ್ಷಿತ ಗೆಲುವು: 9 + 1 = 10
ಎಲ್ಲ ಗೆಲ್ಲುವ ಸಂಭವನೀಯತೆ: ಸುಮಾರು 0.35 × 0.25 = ಸುಮಾರು 0.087

ಪಟ್ಟಿ ಇ: 7 ಸಾಧಾರಣ, 5 ಬಲಿಷ್ಠ.
ನಿರೀಕ್ಷಿತ ಗೆಲುವು: 6.3 + 2.5 = 8.8
ಎಲ್ಲ ಗೆಲ್ಲುವ ಸಂಭವನೀಯತೆ: ಸುಮಾರು 0.48 × 0.031 = ಸುಮಾರು 0.015

ಮೂರೂ ಕಡೆ ತಂಡ ಅದೇ, ಆಟಗಾರರು ಅವರೇ, ಅಭ್ಯಾಸ ಅಷ್ಟೇ. ಪಟ್ಟಿ ಮಾತ್ರ ಬದಲು. ಸೋಲಿಲ್ಲದೆ ಋತು ಮುಗಿಸುವ ಅವಕಾಶ ನೂರಕ್ಕೆ 28ರಿಂದ ನೂರಕ್ಕೆ ಒಂದೂವರೆಗೆ ಇಳಿಯಿತು. ಆದರೆ ನಿರೀಕ್ಷಿತ ಗೆಲುವು 10.8ರಿಂದ 8.8ಕ್ಕೆ, ಅಂದರೆ ಎರಡೇ ಗೆಲುವಿನಷ್ಟು ಇಳಿಯಿತು. ಇದರ ಅರ್ಥವೇನು? "ಒಂದೂ ಸೋಲಬಾರದು" ಎಂಬ ಅಳತೆಗೋಲಿನಲ್ಲಿ ನೋಡಿದರೆ ಭಾರದ ಪಟ್ಟಿಯ ತಂಡ ತೀರಾ ದುರ್ಬಲವಾಗಿ ಕಾಣುತ್ತದೆ. "ಒಟ್ಟಾರೆ ಹೇಗೆ ಆಡಿತು" ಎಂಬ ಅಳತೆಗೋಲಿನಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಪಟ್ಟಿ ಇ ಆಡಿ 9 ಗೆದ್ದ ತಂಡ, ಪಟ್ಟಿ ಅ ಆಡಿ 10 ಗೆದ್ದ ತಂಡಕ್ಕಿಂತ ಮೇಲೆಯೇ ಇರಬಹುದು. ಮೊದಲನೆಯದು ತನ್ನ ನಿರೀಕ್ಷೆಗಿಂತ ಹೆಚ್ಚು ಗೆದ್ದಿದೆ, ಎರಡನೆಯದು ಕಡಿಮೆ ಗೆದ್ದಿದೆ.

ಇನ್ನೊಂದು ಸಂಗತಿ ಬಿಡಬಾರದು. ಪಟ್ಟಿ ಅ ಎಷ್ಟೇ ಹಗುರವಿದ್ದರೂ ಎಲ್ಲ ಗೆಲ್ಲುವ ಅವಕಾಶ ನೂರಕ್ಕೆ 28 ಮಾತ್ರ. 0.9 ಎಂಬುದು 1 ಅಲ್ಲ. ಹನ್ನೆರಡು ಬಾರಿ ಗುಣಿಸಿದಾಗ ಆ ಸಣ್ಣ 0.1 ತನ್ನ ಬೆಲೆ ತೋರಿಸುತ್ತದೆ.

4. ನಮಗೆ ಹತ್ತಿರದ ಉದಾಹರಣೆ: 2024ರ ಐಪಿಎಲ್

"ಇದೆಲ್ಲ ಅಮೆರಿಕದ ಮಾತು" ಎನ್ನಬೇಡಿ. ನಾವೆಲ್ಲ ನೋಡುವ ಐಪಿಎಲ್‌ನಲ್ಲೂ ಇದೇ ಲೆಕ್ಕವಿದೆ. 10 ತಂಡಗಳು ಪರಸ್ಪರ ಎರಡೆರಡು ಬಾರಿ ಆಡಿದ್ದರೆ ಪ್ರತಿ ತಂಡಕ್ಕೆ 18 ಪಂದ್ಯ ಆಗಬೇಕಿತ್ತು. ಆದರೆ ಆಡುವುದು 14. ಹಾಗಾಗಿ ಪ್ರತಿ ತಂಡ 5 ಎದುರಾಳಿಗಳ ಜೊತೆ ಎರಡೆರಡು ಬಾರಿ, 4 ಎದುರಾಳಿಗಳ ಜೊತೆ ಒಂದೊಂದು ಬಾರಿ ಆಡುತ್ತದೆ. ಪಟ್ಟಿ ಎಲ್ಲರಿಗೂ ಸಮವಲ್ಲ.

2024ರ ಲೀಗ್ ಹಂತದ ಕೊನೆಯ ಅಂಕಗಳು ಹೀಗಿದ್ದವು: ಕೋಲ್ಕತ್ತ 20, ಹೈದರಾಬಾದ್ 17, ರಾಜಸ್ಥಾನ 17, ಬೆಂಗಳೂರು 14, ಚೆನ್ನೈ 14, ಡೆಲ್ಲಿ 14, ಲಖನೌ 14, ಗುಜರಾತ್ 12, ಪಂಜಾಬ್ 10, ಮುಂಬೈ 8. ನಾಲ್ಕನೆಯ ಜಾಗಕ್ಕೆ ನಾಲ್ಕು ತಂಡಗಳು 14ರಲ್ಲಿ ಸಮ. ನೆಟ್ ರನ್‌ರೇಟ್ ನೋಡಿದಾಗ ಬೆಂಗಳೂರು +0.459, ಚೆನ್ನೈ +0.392. ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿದ್ದನ್ನು ನೀವು ಮರೆತಿರಲಾರಿರಿ.

ನೆಟ್ ರನ್‌ರೇಟ್ ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ: ಈ ರನ್‌ಗಳು ಯಾರ ಎದುರು ಬಂದವು? ಅದನ್ನು ನಾವು ಕೇಳೋಣ. ಪ್ರತಿ ಎದುರಾಳಿಯ ಅಂಕವನ್ನು, ಅವರ ಜೊತೆ ಎಷ್ಟು ಬಾರಿ ಆಡಿದರೋ ಅಷ್ಟರಿಂದ ಗುಣಿಸಿ, ಕೂಡಿಸಿ, 14ರಿಂದ ಭಾಗಿಸಿದರೆ ಪಟ್ಟಿಯ ಭಾರದ ಸರಳ ಅಳತೆ ಸಿಗುತ್ತದೆ.

ಬೆಂಗಳೂರು ಎರಡು ಬಾರಿ ಆಡಿದ್ದು: ಚೆನ್ನೈ, ಪಂಜಾಬ್, ಕೋಲ್ಕತ್ತ, ಹೈದರಾಬಾದ್, ಗುಜರಾತ್.
28 + 20 + 40 + 34 + 24 = 146
ಒಂದು ಬಾರಿ ಆಡಿದ್ದು: ರಾಜಸ್ಥಾನ, ಲಖನೌ, ಮುಂಬೈ, ಡೆಲ್ಲಿ.
17 + 14 + 8 + 14 = 53
ಒಟ್ಟು 199. ಸರಾಸರಿ 199 ÷ 14 = 14.21

ಚೆನ್ನೈ ಎರಡು ಬಾರಿ ಆಡಿದ್ದು: ಬೆಂಗಳೂರು, ಹೈದರಾಬಾದ್, ಪಂಜಾಬ್, ಗುಜರಾತ್, ಲಖನೌ.
28 + 34 + 20 + 24 + 28 = 134
ಒಂದು ಬಾರಿ ಆಡಿದ್ದು: ಮುಂಬೈ, ಕೋಲ್ಕತ್ತ, ರಾಜಸ್ಥಾನ, ಡೆಲ್ಲಿ.
8 + 20 + 17 + 14 = 59
ಒಟ್ಟು 193. ಸರಾಸರಿ 193 ÷ 14 = 13.79

ಅಂದರೆ ಬೆಂಗಳೂರಿನ ಪಟ್ಟಿ ತುಸು ಹೆಚ್ಚು ಭಾರ. ವ್ಯತ್ಯಾಸ ಎಲ್ಲಿಂದ ಬಂತು? ಒಂದೇ ಪಂದ್ಯದಿಂದ. ಆರ್‌ಸಿಬಿಗೆ ಕೋಲ್ಕತ್ತ ಎರಡು ಬಾರಿ ಎದುರಾಯಿತು. ಚೆನ್ನೈಗೆ ಕೋಲ್ಕತ್ತದ ಬದಲು ಲಖನೌ ಎರಡು ಬಾರಿ ಎದುರಾಯಿತು. ಕೋಲ್ಕತ್ತದ ಎದುರಿನ ಎರಡೂ ಪಂದ್ಯವನ್ನು ಆರ್‌ಸಿಬಿ ಸೋತಿತು; ಏಪ್ರಿಲ್ 21ರಂದು ಈಡನ್ ಗಾರ್ಡನ್ಸ್‌ನಲ್ಲಿ ಸೋತದ್ದು ಒಂದೇ ಒಂದು ರನ್ನಿನಿಂದ.

ಹಾಗಾದರೆ ಚೆನ್ನೈಗೆ ಹಗುರ ಪಟ್ಟಿಯಿಂದ ಲಾಭವಾಯಿತೇ? ಇಲ್ಲ. ಲಖನೌ ಎದುರಿನ ಎರಡೂ ಪಂದ್ಯವನ್ನು ಚೆನ್ನೈ ಸೋತಿತು. ಬಲಿಷ್ಠ ಕೋಲ್ಕತ್ತದ ಎದುರು ಆಡಿದ ಒಂದೇ ಪಂದ್ಯವನ್ನು ಗೆದ್ದಿತು! ಪಟ್ಟಿ ಅವಕಾಶದ ಪ್ರಮಾಣವನ್ನು ಮಾತ್ರ ಹೇಳುತ್ತದೆ. ಫಲಿತಾಂಶ ನಿರ್ಧಾರವಾಗುವುದು ಮೈದಾನದಲ್ಲಿ.

ಈ ಅಳತೆಯಲ್ಲಿ ಒಂದು ಕೊರತೆಯೂ ಇದೆ. ಕೋಲ್ಕತ್ತದ 20 ಅಂಕದಲ್ಲಿ 4 ಅಂಕ ಬಂದದ್ದು ಆರ್‌ಸಿಬಿಯನ್ನು ಸೋಲಿಸಿಯೇ. ನಾವು ಸೋತದ್ದರಿಂದಲೇ ಎದುರಾಳಿ ದೊಡ್ಡವನಾಗಿ ಕಂಡರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ನಮ್ಮ ಜೊತೆಗಿನ ಪಂದ್ಯಗಳನ್ನು ಬಿಟ್ಟು ಎದುರಾಳಿಯ ಬಲ ನೋಡಬೇಕು. ಕೋಲ್ಕತ್ತ ಉಳಿದ 12 ಪಂದ್ಯಗಳಲ್ಲಿ 16 ಅಂಕ ಪಡೆದಿತ್ತು, ಅಂದರೆ ಪಂದ್ಯಕ್ಕೆ 1.33. ಚೆನ್ನೈ ಎದುರಿನ ಎರಡು ಪಂದ್ಯ ಬಿಟ್ಟು ಲಖನೌ 12 ಪಂದ್ಯಗಳಲ್ಲಿ 10 ಅಂಕ ಪಡೆದಿತ್ತು, ಪಂದ್ಯಕ್ಕೆ 0.83. ಹೀಗೆ ತಿದ್ದಿದ ಮೇಲೂ ಕೋಲ್ಕತ್ತವೇ ಭಾರ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಬಹಳ ಕಾಲ ಬಳಸಿದ ಒಂದು ಸೂತ್ರ ಇದೇ ದಾರಿಯದು. ಅದರಲ್ಲಿ ತಂಡದ ಸ್ವಂತ ಗೆಲುವಿಗೆ ನೂರಕ್ಕೆ 25 ತೂಕ, ಎದುರಾಳಿಗಳ ಗೆಲುವಿಗೆ 50, ಎದುರಾಳಿಗಳ ಎದುರಾಳಿಗಳ ಗೆಲುವಿಗೆ 25. ಸ್ವಂತ ಗೆಲುವಿಗಿಂತ ಎದುರಾಳಿಯ ಬಲಕ್ಕೇ ಹೆಚ್ಚು ತೂಕ ಎಂಬುದನ್ನು ಗಮನಿಸಿ.

5. ಲೀಗ್ ಇಲ್ಲದ ಕಾಲದ ಬೆಂಗಳೂರಿನ ತಂಡ

ಕರ್ನಾಟಕದ ಫುಟ್‌ಬಾಲ್ ಇತಿಹಾಸದಲ್ಲಿ ಇದಕ್ಕೆ ಹೊಂದುವ ಒಂದು ಹೆಮ್ಮೆಯ ಪುಟವಿದೆ. 1930ರ ದಶಕದಲ್ಲಿ ಇಡೀ ದೇಶಕ್ಕೆ ಒಂದು ಲೀಗ್ ಎಂಬುದು ಇರಲಿಲ್ಲ. ಅದು ಶುರುವಾದದ್ದು 1996ರಲ್ಲಿ. ಒಂದು ಊರಿನ ತಂಡ ತಾನು ಎಂಥದೆಂದು ದೇಶಕ್ಕೆ ತೋರಿಸಬೇಕಾದರೆ ದೂರದ ಊರಿನ ಟೂರ್ನಿಗೆ ಹೋಗಿ ಬಲಿಷ್ಠರನ್ನು ಎದುರಿಸಬೇಕಿತ್ತು.

ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದ ಟೂರ್ನಿ. ದಶಕಗಳ ಕಾಲ ಅದನ್ನು ಬ್ರಿಟಿಷ್ ಸೇನಾ ತುಕಡಿಗಳ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಎದುರಿದ್ದವರು ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್. ಆ ತಂಡ 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತ ಲೀಗ್ ಗೆದ್ದ ತಂಡ. ಮರುವರ್ಷ, 1938ರಲ್ಲಿ, ಬೆಂಗಳೂರಿನವರು ಒಂದು ಬ್ರಿಟಿಷ್ ಸೇನಾ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಮತ್ತೆ ಕಪ್ ಎತ್ತಿದರು. 1948ರಲ್ಲಿ ಮೂರನೆಯ ಬಾರಿ ಗೆದ್ದರು.

ಊರಿನಲ್ಲೇ ಉಳಿದು ನೂರು ಪಂದ್ಯ ಗೆದ್ದಿದ್ದರೂ ಸಿಗದ ಹೆಸರು ಕೆಲವೇ ಗೆಲುವಿನಿಂದ ಬಂತು. ಕಾರಣ, ಗೆದ್ದದ್ದು ಯಾರ ಮೇಲೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸ್ವತಂತ್ರ ತಂಡಕ್ಕೆ ಭಾರದ ಪಟ್ಟಿ ಅಪಾಯ ಹೌದು, ಆದರೆ ತನ್ನ ಬಲಕ್ಕೆ ಸಾಕ್ಷಿ ಸಿಗುವುದೂ ಅಲ್ಲಿಯೇ.

6. ನಮ್ಮ ತಾಲ್ಲೂಕು, ನಮ್ಮ ಜಿಲ್ಲೆ

ಈಗ ಮನೆಗೆ ಬರೋಣ. ಪಿಯು ಕಾಲೇಜುಗಳ ಕ್ರೀಡೆ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರುತ್ತದೆ. ಒಂದು ತಾಲ್ಲೂಕಿನಲ್ಲಿ 16 ತಂಡ, ಇನ್ನೊಂದರಲ್ಲಿ 4 ತಂಡ ಇವೆ ಎಂದುಕೊಳ್ಳಿ. ನಾಕೌಟ್‌ನಲ್ಲಿ ಮೊದಲನೆಯದರ ಚಾಂಪಿಯನ್ 4 ಪಂದ್ಯ ಗೆಲ್ಲಬೇಕು, ಎರಡನೆಯದರ ಚಾಂಪಿಯನ್ 2. ಪ್ರತಿ ಪಂದ್ಯ ಗೆಲ್ಲುವ ಸಂಭವನೀಯತೆ 0.7 ಆದರೆ ಮೊದಲನೆಯದಕ್ಕೆ ಅವಕಾಶ 0.24, ಎರಡನೆಯದಕ್ಕೆ 0.49. ಅಷ್ಟೇ ಬಲದ ಎರಡು ತಂಡ. ಒಂದಕ್ಕೆ ಜಿಲ್ಲೆಯ ದಾರಿ ಎರಡರಷ್ಟು ಸುಲಭ.

ಡ್ರಾ ಎತ್ತುವ ಚೀಟಿಯೂ ಹೀಗೆಯೇ. 8 ತಂಡಗಳಿವೆ. ಅದರಲ್ಲಿ ಒಂದು ಬಹಳ ಬಲಿಷ್ಠ. ನಾವು ಅವರನ್ನು ಗೆಲ್ಲುವ ಅವಕಾಶ 0.3, ಉಳಿದವರನ್ನು ಗೆಲ್ಲುವ ಅವಕಾಶ 0.7. ಬಲಿಷ್ಠ ತಂಡ ನಮ್ಮನ್ನು ಬಿಟ್ಟು ಬೇರೆ ಯಾರನ್ನಾದರೂ ಗೆಲ್ಲುವ ಅವಕಾಶ 0.9.

ಮೊದಲ ಸುತ್ತಿನಲ್ಲೇ ಅವರು ಎದುರಾದರೆ ನಾವು ಫೈನಲ್ ತಲುಪುವ ಅವಕಾಶ 0.3 × 0.7 = 0.21. ಚಾಂಪಿಯನ್ ಆಗುವ ಅವಕಾಶ 0.21 × 0.7 = 0.147.

ಅವರು ಇನ್ನೊಂದು ಭಾಗದಲ್ಲಿದ್ದರೆ ನಾವು ಫೈನಲ್ ತಲುಪುವ ಅವಕಾಶ 0.7 × 0.7 = 0.49. ಫೈನಲ್‌ಗೆ ಅವರು ಬಂದಿರುವ ಅವಕಾಶ 0.9 × 0.9 = 0.81, ಬಂದಿಲ್ಲದಿರುವ ಅವಕಾಶ 0.19. ಆದ್ದರಿಂದ ಫೈನಲ್ ಗೆಲ್ಲುವ ಅವಕಾಶ 0.81 × 0.3 + 0.19 × 0.7 = 0.376. ಚಾಂಪಿಯನ್ ಆಗುವ ಅವಕಾಶ 0.49 × 0.376 = ಸುಮಾರು 0.184.

ನೋಡಿದಿರಾ? ಪ್ರಶಸ್ತಿಯ ಅವಕಾಶದಲ್ಲಿ ವ್ಯತ್ಯಾಸ ಸ್ವಲ್ಪವೇ, 14.7ರಿಂದ 18.4. ಚಾಂಪಿಯನ್ ಆಗಬೇಕಾದರೆ ಬಲಿಷ್ಠರನ್ನು ಎಲ್ಲಿಯೋ ಒಂದು ಕಡೆ ಎದುರಿಸಲೇಬೇಕಲ್ಲ! ಆದರೆ ಫೈನಲ್ ತಲುಪುವ ಅವಕಾಶ 21ರಿಂದ 49ಕ್ಕೆ ಏರಿತು. ಮೊದಲ ಸುತ್ತಿನಲ್ಲಿ ಸೋತ ತಂಡದಲ್ಲಿ ಜಿಲ್ಲಾ ತಂಡಕ್ಕೆ ಯೋಗ್ಯರಾದ ಆಟಗಾರರಿರಬಹುದು; ಅವರು ಮೈದಾನದಲ್ಲಿ ಕಂಡದ್ದು ಒಂದೇ ಪಂದ್ಯ. ಬಲಿಷ್ಠ ತಂಡಗಳನ್ನು ಬೇರೆ ಬೇರೆ ಭಾಗದಲ್ಲಿಡುವ "ಸೀಡಿಂಗ್" ಪದ್ಧತಿ ಇರುವುದು ಇದಕ್ಕಾಗಿಯೇ. ಕಳೆದ ವರ್ಷದ ಮೊದಲ ಎರಡು ಸ್ಥಾನದ ತಂಡಗಳನ್ನು ಡ್ರಾದ ಎರಡು ತುದಿಗೆ ಇಟ್ಟು ಉಳಿದದ್ದಕ್ಕೆ ಚೀಟಿ ಎತ್ತಿದರೂ ಸಾಕು, ಅನ್ಯಾಯ ಬಹಳ ಕಡಿಮೆಯಾಗುತ್ತದೆ.

ಡ್ರಾ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಇನ್ನೊಂದು: ಕ್ರೀಡಾಕೂಟದ ಮೊದಲು ಆಡುವ ಸ್ನೇಹ ಪಂದ್ಯಗಳು. ಇಲ್ಲಿ ಪ್ರತಿ ಕಾಲೇಜೂ ಸ್ವತಂತ್ರ ತಂಡವೇ. ಗಂಗಾವತಿಯ ತಂಡ ಕುಷ್ಟಗಿಗೆ ಹೋಗಬಹುದು, ಯಲಬುರ್ಗಾದ ತಂಡ ಕೊಪ್ಪಳಕ್ಕೆ ಬರಬಹುದು. ಕಬಡ್ಡಿ, ವಾಲಿಬಾಲ್, ಖೋ-ಖೋ, ಫುಟ್‌ಬಾಲ್ ಯಾವುದೇ ಇರಲಿ, ಹುಡುಗರ ತಂಡವಿರಲಿ ಹುಡುಗಿಯರದಿರಲಿ, ಯಾರ ಜೊತೆ ಆಡಬೇಕೆಂದು ನಮ್ಮ ದೈಹಿಕ ಶಿಕ್ಷಣ ಉಪನ್ಯಾಸಕರೊಡನೆ ಕುಳಿತು ನಾವೇ ಯೋಚಿಸಬಹುದು. ಕೆಲವು ಸಲಹೆಗಳು:

• ಸ್ನೇಹ ಪಂದ್ಯದಲ್ಲಿ ಸೋತರೆ ಯಾರೂ ಹೊರಗೆ ಹಾಕುವುದಿಲ್ಲ. ಆದ್ದರಿಂದ ಬಲಿಷ್ಠರನ್ನು ಹುಡುಕಿಕೊಂಡು ಹೋಗಲು ಇದೇ ಸಮಯ. ಸೋಲಿನ ಬೆಲೆ ಇಲ್ಲಿ ಕಡಿಮೆ, ಕಲಿಕೆ ಹೆಚ್ಚು.

• ಆದರೆ ಎಲ್ಲ ಪಂದ್ಯವೂ ತೀರಾ ಭಾರವಾದರೆ ಹೊಸ ಆಟಗಾರರ ಧೈರ್ಯ ಕುಗ್ಗುತ್ತದೆ. ಹತ್ತು ಪಂದ್ಯ ಆಡುವುದಾದರೆ ಮೂರ್ನಾಲ್ಕು ನಮಗಿಂತ ಬಲಿಷ್ಠರ ಜೊತೆ, ನಾಲ್ಕು ಸಮಬಲರ ಜೊತೆ, ಉಳಿದವು ಹೊಸಬರಿಗೆ ಅವಕಾಶ ಕೊಡುವಂಥವು ಇರಲಿ.

• ಒಂದು ನೋಟ್‌ಬುಕ್ ಇಡಿ. ದಿನಾಂಕ, ಎದುರಾಳಿ, ಊರು, ಅಂಕ ಬರೆಯಿರಿ. ಆ ಎದುರಾಳಿ ಬೇರೆಯವರ ಜೊತೆ ಹೇಗೆ ಆಡಿತು ಎಂಬುದನ್ನೂ ಕೇಳಿ ಬರೆಯಿರಿ. ವರ್ಷದ ಕೊನೆಗೆ ಸಂಖ್ಯಾಶಾಸ್ತ್ರ ಓದುವ ಗೆಳೆಯರು ಪಟ್ಟಿಯ ಭಾರವನ್ನು ಲೆಕ್ಕ ಹಾಕಿಕೊಡಲಿ.

• ಬೇರೆ ತಂಡವನ್ನು ಅಳೆಯುವಾಗಲೂ ಇದೇ ನ್ಯಾಯ ಇರಲಿ. ಮೊದಲ ಸುತ್ತಿನಲ್ಲಿ ಸೋತವರನ್ನು ಹಂಗಿಸುವ ಮೊದಲು ಎದುರಿದ್ದವರು ಯಾರೆಂದು ಕೇಳಿ.

ಒಂದು ಎಚ್ಚರಿಕೆಯೂ ಬೇಕು. ಪಟ್ಟಿಯ ಭಾರ ಎಂಬುದು ಅಳತೆಗೋಲು, ನೆಪವಲ್ಲ. ಪ್ರತಿ ಸೋಲಿಗೂ ಪಟ್ಟಿಯನ್ನು ದೂರುತ್ತ ಕುಳಿತರೆ "ಕುಣಿಯಲಾರದವಳಿಗೆ ನೆಲ ಡೊಂಕು" ಎಂದಾಗುತ್ತದೆ. ಲೆಕ್ಕ ಹಾಕಿದ ಮೇಲೆ ಪಟ್ಟಿ ಹಗುರವೇ ಇತ್ತು ಎಂದು ಬಂದರೆ ಅದನ್ನೂ ಒಪ್ಪಬೇಕು. ಲೆಕ್ಕ ನಮ್ಮ ಪರ ಬಂದಾಗ ಮಾತ್ರ ಲೆಕ್ಕವನ್ನು ನಂಬುವುದು ವಿದ್ಯಾರ್ಥಿಯ ಲಕ್ಷಣವಲ್ಲ.

ನೀವೇ ಮಾಡಿ ನೋಡಿ

1) 13 ತಂಡಗಳ ನಾಕೌಟ್‌ನಲ್ಲಿ ಒಟ್ಟು ಎಷ್ಟು ಪಂದ್ಯ? ಎಷ್ಟು ಬೈ? ಅದೇ ತಂಡಗಳು ಲೀಗ್ ಆಡಿದರೆ ಎಷ್ಟು ಪಂದ್ಯ?

2) ಪ್ರತಿ ಪಂದ್ಯ ಗೆಲ್ಲುವ ಸಂಭವನೀಯತೆ 0.8. ಬೈ ಸಿಕ್ಕ ತಂಡ 3 ಪಂದ್ಯ, ಸಿಗದ ತಂಡ 4 ಪಂದ್ಯ ಗೆಲ್ಲಬೇಕು. ಇಬ್ಬರ ಅವಕಾಶ ಎಷ್ಟೆಷ್ಟು?

3) 2024ರ ಐಪಿಎಲ್ ಪಟ್ಟಿಯಲ್ಲಿ ಗುಜರಾತ್‌ಗೆ ಎರಡೆರಡು ಬಾರಿ ನಿಗದಿಯಾಗಿದ್ದ ಎದುರಾಳಿಗಳು ಚೆನ್ನೈ, ಹೈದರಾಬಾದ್, ಬೆಂಗಳೂರು, ಪಂಜಾಬ್, ಡೆಲ್ಲಿ; ಉಳಿದವರು ಒಂದೊಂದು ಬಾರಿ. ಮೇಲಿನ ಅಂಕಗಳನ್ನು ಬಳಸಿ ಅದರ ಪಟ್ಟಿಯ ಭಾರ ಕಂಡುಹಿಡಿಯಿರಿ. ಬೆಂಗಳೂರು ಮತ್ತು ಚೆನ್ನೈ ಪಟ್ಟಿಗಳ ಜೊತೆ ಹೋಲಿಸಿ.

4) ನಿಮ್ಮ ಕಾಲೇಜಿನ ಯಾವುದಾದರೂ ಒಂದು ತಂಡ ಈ ವರ್ಷ ಆಡಿದ ಪಂದ್ಯಗಳ ಪಟ್ಟಿ ಮಾಡಿ. ಪ್ರತಿ ಎದುರಾಳಿಯ ಬಲಕ್ಕೆ 1ರಿಂದ 5ರವರೆಗೆ ಅಂಕ ಕೊಟ್ಟು ಸರಾಸರಿ ತೆಗೆಯಿರಿ. ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟರೆ ಸರಾಸರಿ ಎಷ್ಟು ಬದಲಾಗುತ್ತದೆ? ಏಕೆ?

ಉತ್ತರಗಳು: 1) 12 ಪಂದ್ಯ, 3 ಬೈ, ಲೀಗ್‌ನಲ್ಲಿ 78 ಪಂದ್ಯ. 2) ಬೈ ಸಿಕ್ಕ ತಂಡಕ್ಕೆ 0.512, ಸಿಗದ ತಂಡಕ್ಕೆ 0.4096. 3) ಒಟ್ಟು 197, ಸರಾಸರಿ 14.07; ಚೆನ್ನೈಗಿಂತ ಭಾರ, ಬೆಂಗಳೂರಿಗಿಂತ ಹಗುರ. 4) ಇದರ ಉತ್ತರ ನಿಮ್ಮ ನೋಟ್‌ಬುಕ್‌ನಲ್ಲಿದೆ.